ಪರಚುಗಂಬ

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಪಡಸಾಲೆಯಲ್ಲಿ ನಿಂತಿದ್ದ ಮೂರಡಿ ಎತ್ತರದ, ಮೈತುಂಬ ಹಗ್ಗ ಸುತ್ತಿಕೊಂಡ ಕಂಬವೊಂದನ್ನು ನೋಡಿ, "ಇದೇನು ಸಾರ್, ಈ ವಯಸ್ಸಿನಲ್ಲಿ ಮಲ್ಲಗಂಬ ಶುರು ಮಾಡಿದ್ದೀರಾ?" ಎಂದು ಕೇಳಿದರು. "ಮಲ್ಲರು ಬೇರೆಯವರಿದ್ದಾರಪ್ಪ, ಈಗ ಅಟ್ಟದ ಮೇಲೆ ನಿದ್ದೆ ಮಾಡುತ್ತಿದ್ದಾರೆ" ಎಂದೆ. ಅದರ ಕಥೆಯನ್ನು ಬರೆಯುತ್ತೇನೆಂದು ಅಂದು ಅವರಿಗೆ ಕೊಟ್ಟ ಮಾತನ್ನು ಇಂದು ಉಳಿಸಿಕೊಳ್ಳುತ್ತಿದ್ದೇನೆ.

ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ. ತಾಯಿ ಪುಟ್ಟಿ, ಮಗಳು ಚುಕ್ಕಿ. ಮಲೆನಾಡಿನ ಒಂದು ಜಡಿಮಳೆಯ ರಾತ್ರಿ ಸೌದೆಕೊಟ್ಟಿಗೆಯಲ್ಲಿ ಆಶ್ರಯ ಪಡೆದ ಪುಟ್ಟಿ, ಮಳೆಗಾಲ ಮುಗಿಯುವಷ್ಟರಲ್ಲಿ ಪಡಸಾಲೆಯ ಒಡತಿಯಾಗಿದ್ದಳು. ಇಲಿಗಳ ಕಾಟ ತಪ್ಪಿತೆಂದು ನನ್ನ ಶ್ರೀಮತಿಯೂ ಸಂತೋಷಪಟ್ಟಿದ್ದಳು. ಆದರೆ ಆ ಸಂತೋಷ ಬೆತ್ತದ ಕುರ್ಚಿಯವರೆಗೆ ಮಾತ್ರ.

ಅದು ನನ್ನ ಮಾವನವರ ಕುರ್ಚಿ. ಬೀಟೆಮರದ ಚೌಕಟ್ಟು, ಸಣ್ಣ ಬೆತ್ತದ ಹೆಣಿಗೆ. ಅವರು ಅದರಲ್ಲಿ ಕುಳಿತೇ ಪತ್ರಿಕೆ ಓದುತ್ತಿದ್ದರು, ಅದರಲ್ಲಿ ಕುಳಿತೇ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು. ತವರಿನ ಪಾಲಿನಲ್ಲಿ ನನ್ನವಳು ಕೇಳಿ ಪಡೆದುಕೊಂಡದ್ದು ಅದೊಂದನ್ನೇ. ಬೆಕ್ಕುಗಳಿಗೂ ಅದೇ ಕುರ್ಚಿ ಪ್ರಿಯವಾಯಿತು. ಬೆಳಗ್ಗೆ ಎದ್ದೊಡನೆ ಮೈಮುರಿದು, ಹಿಂಗಾಲುಗಳ ಮೇಲೆ ನಿಂತು, ಕುರ್ಚಿಯ ಬೆನ್ನಿಗೆ ಮುಂಗಾಲುಗಳನ್ನು ಚಾಚಿ ಬರಬರನೆ ಕೆರೆಯುತ್ತಿದ್ದವು. ಒಂದೇ ವರ್ಷದಲ್ಲಿ ಬೆನ್ನಿನ ಹೆಣಿಗೆಯಲ್ಲಿ ಅಂಗೈಯಗಲದ ತೂತು ಬಿದ್ದಿತು. ಅಂದು ನನ್ನವಳು ಬಹಳ ಹೊತ್ತು ಮಾತನಾಡಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ, "ರೀ, ಇನ್ನು ನನ್ನಿಂದ ಆಗುವುದಿಲ್ಲ. ಇವನ್ನು ಎಲ್ಲಾದರೂ ಬಿಟ್ಟು ಬನ್ನಿ" ಎಂದಳು.

ಬೆಕ್ಕನ್ನು 'ಬಿಟ್ಟು ಬರುವುದು' ಎಂದರೇನೆಂಬುದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ನನಗೆ ಎಂಟು ವರ್ಷವಾಗಿದ್ದಾಗ, ಹಾಲಿಗೆ ಬಾಯಿ ಹಾಕಿದ ತಪ್ಪಿಗೆ ನಮ್ಮ ಮನೆಯ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ, ಹೊಳೆಯಾಚೆಯ ಸಂತೆಮಾಳದಲ್ಲಿ ಬಿಟ್ಟು ಬಂದರು. ಚೀಲವನ್ನು ಹೊತ್ತವರ ಹಿಂದೆ ಹೊಳೆಯ ದಡದವರೆಗೆ ನಾನೂ ನಡೆದಿದ್ದೆ. ಚೀಲದೊಳಗಿನ ಆ ಕೂಗು ಈಗಲೂ ಕಿವಿಯಲ್ಲಿದೆ. ಆದ್ದರಿಂದ ನನ್ನವಳಿಗೆ, "ಒಂದು ತಿಂಗಳ ಅವಕಾಶ ಕೊಡು" ಎಂದು ಬೇಡಿಕೊಂಡೆ. ಕುರ್ಚಿಯ ಮೇಲಿನ ಅವಳ ದುಃಖವೂ ನ್ಯಾಯವಾದದ್ದೇ ಆಗಿತ್ತು.

ಮೊದಲು ಪಶುವೈದ್ಯರ ಬಳಿಗೆ ಹೋದೆ. ಉಗುರನ್ನೇ ತೆಗೆಸಿಬಿಡಬಹುದೆಂದು ಯಾರೋ ಹೇಳಿದ್ದರು. ವೈದ್ಯರು ನನ್ನ ಬೆರಳ ತುದಿಯ ಗಿಣ್ಣನ್ನು ಹಿಡಿದು, "ಮೇಷ್ಟ್ರೇ, ಬೆಕ್ಕಿನ ಉಗುರು ಬೆಳೆಯುವುದು ಬೆರಳಿನ ಕೊನೆಯ ಮೂಳೆಯಿಂದ. ಉಗುರು ತೆಗೆಯುವುದೆಂದರೆ ಇಲ್ಲಿಯವರೆಗೆ ಬೆರಳನ್ನೇ ಕತ್ತರಿಸಿದಂತೆ" ಎಂದರು. ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಅಮೆರಿಕದಲ್ಲಿ ಈ ಶಸ್ತ್ರಚಿಕಿತ್ಸೆ ಬಹುಕಾಲ ನಡೆದುಕೊಂಡು ಬಂದಿತ್ತು. ಅದನ್ನು ನಿಷೇಧಿಸಿದ ಅಲ್ಲಿಯ ಮೊದಲ ರಾಜ್ಯ ನ್ಯೂಯಾರ್ಕ್, ಅದೂ 2019ರಲ್ಲಿ. ಉಗುರಿನ ಚೂಪಾದ ತುದಿಯನ್ನಷ್ಟೇ ಕತ್ತರಿಸಬಹುದು, ಒಳಗೆ ಗುಲಾಬಿ ಬಣ್ಣದಲ್ಲಿ ಕಾಣುವ ಭಾಗದಲ್ಲಿ ರಕ್ತನಾಳವೂ ನರವೂ ಇರುವುದರಿಂದ ಅದನ್ನು ಮುಟ್ಟಬಾರದು ಎಂದೂ ವೈದ್ಯರು ತೋರಿಸಿಕೊಟ್ಟರು.

ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಬೆಕ್ಕು ಕೆರೆಯುವುದು ತುಂಟತನವಲ್ಲ, ಅಗತ್ಯ. ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರುಗಳು ಬೆಕ್ಕಿಗೆ. ಮುಂಗಾಲಿನ ಉಗುರುಗಳ ಹಳೆಯ ಹೊರಪದರ ಪೊರೆಯಂತೆ ಕಳಚಿ ಬೀಳಲು ಅದು ಕೆರೆಯಬೇಕು. ನಿದ್ದೆಯಿಂದೆದ್ದಾಗ ಬೆನ್ನು, ಭುಜಗಳ ಸ್ನಾಯುಗಳನ್ನು ಸಡಿಲಿಸಿಕೊಳ್ಳಲು ಕೆರೆಯಬೇಕು. ಅಂಗಾಲಿನ ಗ್ರಂಥಿಗಳಿಂದ ನಮಗೆ ತಿಳಿಯದ ವಾಸನೆಯೊಂದನ್ನು ಅಲ್ಲಿ ಬಿಟ್ಟು 'ಇದು ನನ್ನ ಮನೆ' ಎಂದು ಸಹಿ ಹಾಕಲೂ ಕೆರೆಯಬೇಕು. ಬೇಡವೆನ್ನುವಂತಿಲ್ಲ, 'ಇಲ್ಲಿ ಬೇಡ, ಅಲ್ಲಿ' ಎನ್ನಬಹುದು, ಅಷ್ಟೇ.

ವಿಷಯ ತಿಳಿದ ಮಗಳು ಬೆಂಗಳೂರಿನಿಂದ ಆನ್‌ಲೈನಿನಲ್ಲಿ ಒಂದು 'ಸ್ಕ್ರ್ಯಾಚಿಂಗ್ ಪೋಸ್ಟ್' ಕಳುಹಿಸಿದಳು. ನಾನು ಅದಕ್ಕೆ 'ಪರಚುಗಂಬ' ಎಂದು ಹೆಸರಿಟ್ಟೆ. ಒಂದೂವರೆ ಅಡಿ ಎತ್ತರ, ಮೇಲೊಂದು ತೂಗಾಡುವ ಚೆಂಡು, ನೋಡಲು ಬಹಳ ಮುದ್ದಾಗಿತ್ತು. ಪುಟ್ಟಿ ಅದನ್ನೊಮ್ಮೆ ಮೂಸಿ ನೋಡಿ ಕುರ್ಚಿಯ ಕಡೆಗೇ ನಡೆದಳು. ಚುಕ್ಕಿ ಅದು ಬಂದ ರಟ್ಟಿನ ಪೆಟ್ಟಿಗೆಯೊಳಗೆ ಮಲಗಿದಳು. ನಾನು ಪುಟ್ಟಿಯನ್ನು ಎತ್ತಿ ತಂದು, ಅವಳ ಮುಂಗಾಲುಗಳನ್ನು ಹಿಡಿದು, ಮರಳಿನ ಮೇಲೆ 'ಅ' ತಿದ್ದಿಸುವ ಹಾಗೆ ಕಂಬದ ಮೇಲೆ ಉಜ್ಜಿಸಿದೆ. ಅವಳು ನನ್ನ ಮಣಿಕಟ್ಟಿಗೆ ಮೂರು ಗೆರೆ ಎಳೆದು ಓಡಿದಳು. ಕುರ್ಚಿಯ ಬಳಿ ಕಂಡಾಗಲೆಲ್ಲ ಗದರಿದೆ, ನೀರು ಚಿಮುಕಿಸಿದೆ. ಅದರ ಫಲವೆಂದರೆ, ನಾನು ಪಡಸಾಲೆಯಲ್ಲಿದ್ದಾಗ ಅವು ಸಾಧುಗಳಾದವು. ನಾನು ತೋಟಕ್ಕೆ ಹೋದೊಡನೆ ಕುರ್ಚಿಯಿಂದ ಬರಬರ ಸದ್ದು ಕೇಳಿಬರುತ್ತಿತ್ತು. ಹದಿನೈದು ದಿನಗಳು ಹೀಗೇ ಕಳೆದವು.

ಒಂದು ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಬಿ.ಎಡ್. ತರಗತಿಯ ನೆನಪಾಯಿತು. ನನ್ನಂತೆ ಬಿ.ಎಡ್. ಮಾಡಿದವರಾರೂ ಥಾರ್ನ್‌ಡೈಕ್‌ನ ಬೆಕ್ಕನ್ನು ಮರೆಯಲಾರರು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಅವನು ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಅಗುಳಿಯನ್ನು ತೆರೆದು ಹೊರಬರಲು ಅವು ಹೇಗೆ ಕಲಿಯುತ್ತವೆಂದು ಪರೀಕ್ಷಿಸಿ, 1898ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದ. ಸಿದ್ಧತಾ ನಿಯಮ, ಅಭ್ಯಾಸ ನಿಯಮ, ಪರಿಣಾಮ ನಿಯಮ ಎಂದು ನಾವು ಕಂಠಪಾಠ ಮಾಡಿದ್ದೆವು. ತೃಪ್ತಿ ಕೊಡುವ ಕ್ರಿಯೆ ಬಲಗೊಳ್ಳುತ್ತದೆ, ನೋವು ಕೊಡುವ ಕ್ರಿಯೆ ದುರ್ಬಲವಾಗುತ್ತದೆ ಎಂಬುದು ಮೂರನೆಯದರ ಸಾರ. ಆದರೆ 1930ರ ದಶಕದಲ್ಲಿ ಅದೇ ಥಾರ್ನ್‌ಡೈಕ್ ತನ್ನ ನಿಯಮವನ್ನು ತಾನೇ ತಿದ್ದಿಕೊಂಡ. ಬಹುಮಾನ ಕಲಿಕೆಯನ್ನು ಬಲಪಡಿಸುವಷ್ಟು ಮಟ್ಟಿಗೆ ಶಿಕ್ಷೆ ಅದನ್ನು ಅಳಿಸುವುದಿಲ್ಲ ಎಂದ. ಇದನ್ನು ಪರೀಕ್ಷೆಯಲ್ಲಿ ಬರೆದು ನಾನು ಒಳ್ಳೆಯ ಅಂಕಗಳನ್ನೂ ಪಡೆದಿದ್ದೆ! ನಮ್ಮ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯೂ ಹೇಳುವುದು ಇದನ್ನೇ ಅಲ್ಲವೇ? ಕುದಿಯುವ ಹಾಲಿಗೆ ಮೂತಿಯಿಟ್ಟು ಸುಟ್ಟುಕೊಂಡ ಆ ಬೆಕ್ಕು 'ಬಿಸಿ ಹಾಲು ಕುಡಿಯಬಾರದು' ಎಂದು ಕಲಿಯಲಿಲ್ಲ, ಹಾಲನ್ನು ಕಂಡರೇ ಓಡುವುದನ್ನು ಕಲಿಯಿತು. ನನ್ನ ಬೆಕ್ಕುಗಳು ಕಲಿತದ್ದು ನನ್ನನ್ನು ಕಂಡರೆ ಓಡುವುದನ್ನು.

ಮರುದಿನ ಗದರುವುದನ್ನು ಬಿಟ್ಟು, ಟಿಪ್ಪಣಿ ಪುಸ್ತಕ ಹಿಡಿದು ಸುಮ್ಮನೆ ನೋಡುತ್ತ ಕುಳಿತೆ. ಪುಟ್ಟಿ ಮೈಯನ್ನು ಪೂರ್ತಿ ಚಾಚಿದಾಗ ಅವಳ ಉಗುರು ನೆಲದಿಂದ ಎರಡೂವರೆ ಅಡಿಗೂ ಮೇಲೆ ತಲುಪುತ್ತಿತ್ತು. ಮಗಳು ಕಳಿಸಿದ ಕಂಬ ಅವಳ ಎದೆಯ ಮಟ್ಟಕ್ಕೂ ಸಾಲದು. ಜೊತೆಗೆ ಅದು ಹಗುರ, ಕೈಯಿಟ್ಟರೆ ವಾಲುತ್ತಿತ್ತು. ಅಲುಗಾಡುವ ವಸ್ತುವನ್ನು ಬೆಕ್ಕು ನಂಬುವುದಿಲ್ಲ. ಮೇಲಾಗಿ ನಾನು ಅದನ್ನು ಯಾರ ಕಾಲಿಗೂ ತಡೆಯಾಗದಿರಲೆಂದು ಹಿತ್ತಿಲ ಬಾಗಿಲ ಮೂಲೆಯಲ್ಲಿಟ್ಟಿದ್ದೆ. ಸಹಿ ಹಾಕುವವರು ಎಲ್ಲರೂ ಓಡಾಡುವಲ್ಲಿ ಹಾಕುತ್ತಾರೆಯೇ ಹೊರತು ಮೂಲೆಯಲ್ಲಲ್ಲ.

ನಮ್ಮ ಬೀದಿಯ ಆಚಾರಿಯವರು ಹಲಸಿನ ಮರದ ತುಂಡೊಂದನ್ನು ಮೂರಡಿಗೆ ಕೊಯ್ದು, ಒಂದೂವರೆ ಅಡಿ ಚೌಕದ ದಪ್ಪ ಹಲಗೆಯ ಮೇಲೆ ಭದ್ರವಾಗಿ ನಿಲ್ಲಿಸಿಕೊಟ್ಟರು. "ನೂರು ವರ್ಷ ಬಾಳುತ್ತೆ ಮೇಷ್ಟ್ರೇ, ಬೆಕ್ಕಲ್ಲ ಹುಲಿ ಬಂದರೂ ಅಲುಗೋದಿಲ್ಲ" ಎಂದರು. ಪೇಟೆಯ ಹಗ್ಗದ ಅಂಗಡಿಯಿಂದ ಕತ್ತಾಳೆ ನಾರಿನ ಹಗ್ಗ ತಂದು, ಎರಡು ಸುತ್ತಿನ ನಡುವೆ ಸಂದಿಲ್ಲದಂತೆ ಬಿಗಿಯಾಗಿ ಸುತ್ತಿದೆ. ನೈಲಾನ್ ಹಗ್ಗ ನುಣುಪು, ಉಗುರಿಗೆ ಹಿಡಿತ ಸಿಗದು. ಕಂಬವನ್ನು ಕುರ್ಚಿಗೆ ತಾಗಿದಂತೆಯೇ ಇಟ್ಟು, ಕುರ್ಚಿಯ ಬೆನ್ನಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಪಡಸಾಲೆಯ ಅಂದ ಕೆಟ್ಟಿತೆಂದು ನನ್ನವಳು ಮುಖ ಸಿಂಡರಿಸಿದರೂ, ಒಪ್ಪಿಕೊಂಡ ಗಡುವಿನಲ್ಲಿ ಇನ್ನೂ ಹತ್ತು ದಿನ ಬಾಕಿಯಿತ್ತು.

ಆಮೇಲೆ ಬೇಲಿಸಾಲಿನಿಂದ ಕುಪ್ಪಿಗಿಡವನ್ನು ಬೇರುಸಹಿತ ಕಿತ್ತು ತಂದೆ. ಇದರ ಬೇರಿಗೆ ಬೆಕ್ಕುಗಳು ಮರುಳಾಗುತ್ತವೆ. ಮಲಯಾಳದಲ್ಲಿ ಇದಕ್ಕೆ ಬೆಕ್ಕನ್ನು ಮಯಕಗೊಳಿಸುವ ಗಿಡವೆಂಬ ಅರ್ಥದ 'ಪೂಚ್ಚಮಯಕ್ಕಿ' ಎಂಬ ಹೆಸರೇ ಇದೆ. ಬೇರನ್ನು ತೊಳೆದು ಜಜ್ಜಿ ಹಗ್ಗಕ್ಕೆ ಉಜ್ಜಿದೆ. ಪುಟ್ಟಿ ಬಂದಳು, ಮೂಸಿದಳು, ಕೆನ್ನೆ ಉಜ್ಜಿದಳು, ನೆಲದ ಮೇಲೆ ಉರುಳಾಡಿದಳು. ಕೆರೆಯಲಿಲ್ಲ. ನಾನೂ ಕಾಲು ಹಿಡಿಯಲು ಹೋಗಲಿಲ್ಲ. ಮೂರನೆಯ ಬೆಳಗ್ಗೆ ಅವಳು ನಿದ್ದೆಯಿಂದೆದ್ದು, ಅಭ್ಯಾಸಬಲದಿಂದ ಕುರ್ಚಿಗೆ ಕಾಲು ಚಾಚಿದಳು. ಪ್ಲಾಸ್ಟಿಕ್ ಜಾರಿತು. ಪಕ್ಕಕ್ಕೆ ನೋಡಿದಳು. ಕಂಬಕ್ಕೆ ಕಾಲು ಚಾಚಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಬರ್‌ ಬರ್‌ ಎಂದು ಎಳೆದಳು. ನಾನು ಉಸಿರು ಬಿಗಿಹಿಡಿದು ಕುಳಿತಿದ್ದವನು, ಅವಳು ಮುಗಿಸಿದೊಡನೆ ಒಣಮೀನಿನ ಚೂರೊಂದನ್ನು ಕಂಬದ ಬುಡದಲ್ಲಿಟ್ಟೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನವಳು ಏನೂ ಹೇಳದೆ ಒಳಗೆ ಹೋಗಿ, ಎರಡು ಲೋಟ ಕಾಫಿ ತಂದಳು.

ಚುಕ್ಕಿ ಮಾತ್ರ ಕಂಬವನ್ನು ಒಪ್ಪಲಿಲ್ಲ. ಅವಳಿಗೆ ನೆಲದ ಮೇಲೆ ಮಲಗಿಸಿದ್ದೇ ಬೇಕು. ಬಾಗಿಲ ಬಳಿಯ ತೆಂಗಿನ ನಾರಿನ ಕಾಲೊರಸನ್ನು ಅವಳಿಗೆ ಬಿಟ್ಟುಕೊಟ್ಟೆವು. 'ವೈಯಕ್ತಿಕ ಭಿನ್ನತೆ' ಎಂಬ ಅಧ್ಯಾಯವೂ ಬಿ.ಎಡ್.ನಲ್ಲಿತ್ತು. ಕಂಬದ ಅಭ್ಯಾಸ ಗಟ್ಟಿಯಾದ ಮೇಲೆ ಅದನ್ನು ದಿನಕ್ಕೆ ನಾಲ್ಕು ಬೆರಳಿನಷ್ಟು ಸರಿಸುತ್ತ ಈಗಿರುವ ಜಾಗಕ್ಕೆ ತಂದೆ. ಒಮ್ಮೆ ಯುಗಾದಿಯ ಶುಚಿಕಾರ್ಯದಲ್ಲಿ ಎಳೆಯೆದ್ದ ಹಗ್ಗ ಕೊಳಕೆಂದು ಪೂರ್ತಿ ಬಿಚ್ಚಿ ಹೊಸದನ್ನು ಸುತ್ತಿದೆ. ಪುಟ್ಟಿ ಅತ್ತ ತಿರುಗಿಯೂ ನೋಡಲಿಲ್ಲ. ಅವಳ ಸಹಿಯನ್ನೇ ನಾನು ಅಳಿಸಿಬಿಟ್ಟಿದ್ದೆ. ಕಸದ ಬುಟ್ಟಿಯಿಂದ ಹಳೆಯ ಹಗ್ಗದ ಎರಡು ಮಾರು ಹುಡುಕಿ ತಂದು ಮೇಲೆ ಸುತ್ತಿದ ಬಳಿಕವೇ ರಾಜಿಯಾದದ್ದು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಇದನ್ನು ಓದುವವರಲ್ಲಿ 1991ರ ಒಂಬತ್ತನೆಯ ತರಗತಿಯವರೂ ಇದ್ದೀರಿ. ಆ ವರ್ಷ ಶಾಲೆಗೆ ಹೊಸ ಬೆಂಚುಗಳು ಬಂದಿದ್ದವು. ನಿಮ್ಮ ಸಹಪಾಠಿಯೊಬ್ಬ ಕೈವಾರದ ಮೊನೆಯಿಂದ ಬೆಂಚಿನ ಮೇಲೆ ಒಂದು ಬಸ್ಸನ್ನು ಕೆತ್ತಿದ. ಕಿಟಕಿಗಳು, ಟಾಪಿನ ಮೇಲಿನ ಮೂಟೆಗಳು, ಏಣಿ ಎಲ್ಲವೂ ಇದ್ದವು. ನಾನು ಅವನ ಅಂಗೈಗೆ ಬೆತ್ತದಿಂದ ನಾಲ್ಕು ಏಟು ಕೊಟ್ಟೆ. ಮತ್ತೆ ಅವನು ನನ್ನ ತರಗತಿಯಲ್ಲಿ ಕೆತ್ತಲಿಲ್ಲ. ಬೇರೆ ಕೋಣೆಗಳ ಬೆಂಚುಗಳಲ್ಲಿ ಎತ್ತಿನಗಾಡಿ, ಲಾರಿಗಳು ಕಾಣಿಸಿಕೊಂಡವು. ನಮ್ಮಲ್ಲಿ ಚಿತ್ರಕಲಾ ಶಿಕ್ಷಕರಿರಲಿಲ್ಲ. ಅವನ ಕೈಗೆ ಒಂದು ಹಲಗೆಯ ತುಂಡು ಕೊಡಬೇಕೆಂದು ನನಗೆ ತೋಚಲಿಲ್ಲ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಮನೆಯ ಕಷ್ಟ ಎಂದರು. ನನ್ನ ಬೆತ್ತಕ್ಕೂ ಅದರಲ್ಲಿ ಪಾಲಿತ್ತೇ ಎಂದು ನಾನು ಯಾರನ್ನೂ ಕೇಳಲಿಲ್ಲ, ಕೇಳಲು ಹೆದರಿದ್ದೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದಾಗ, 'ಇನ್ನು ಶಿಸ್ತು ಉಳಿಯದು' ಎಂದು ಗೊಣಗಿದ ಶಿಕ್ಷಕರಲ್ಲಿ ನಾನೂ ಒಬ್ಬ.

ಮಾವನವರ ಕುರ್ಚಿಗೆ ಹೊಸ ಬೆತ್ತ ಹೆಣೆಸಿದ್ದೇವೆ. ನನ್ನವಳು ಮಧ್ಯಾಹ್ನ ಅದರಲ್ಲಿ ಕುಳಿತು ಹೂ ಕಟ್ಟುವಾಗ ಪುಟ್ಟಿ ಅವಳ ಮಡಿಲಲ್ಲಿ ಮಲಗಿರುತ್ತಾಳೆ. ಆ ಹುಡುಗ ಈಗ ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ, ಅವನಿಗೆ ಇದನ್ನು ಓದಿ ಹೇಳಿ. ಆ ಬಸ್ಸು ಬಹಳ ಚೆನ್ನಾಗಿತ್ತೆಂದು ಮೇಷ್ಟ್ರು ಹೇಳಿದರು ಎನ್ನಿ. ಅಂದೇ ಹೇಳಬೇಕಾಗಿದ್ದ ಮಾತು ಅದು.