ಹೋರಿಗೊಬ್ಬ ಗುರು

ಸೊಸೆಯನ್ನು ತರುವಾಗ ವಿಚಾರಿಸುವಷ್ಟು ಜನರನ್ನು ವಿಚಾರಿಸಿ ಹೋರಿಯನ್ನು ಕೊಳ್ಳುವ ಒಕ್ಕಲಿಗನು, ಆ ಹೋರಿಯನ್ನು ಯಾರ ಕೈಗೆ ಕೊಟ್ಟು ಪಳಗಿಸಬೇಕೆಂಬದನ್ನು ಮಾತ್ರ ಪ್ರಾಯಶಃ ಒಬ್ಬರನ್ನೂ ಕೇಳುವದಿಲ್ಲ. ಜಾತ್ರೆಯಲ್ಲಿ ಅವನು ಹಲ್ಲು ನೋಡುವನು, ಸುಳಿ ನೋಡುವನು, ಗೊರಸನ್ನು ಎತ್ತಿಸಿ ನೋಡುವನು. ದಲ್ಲಾಳಿಯೊಡನೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಕಟ್ಟುವನು. ಆರು ತಿಂಗಳ ತರುವಾಯ ಅದೇ ಹೋರಿಯು ನೊಗವನ್ನು ಕಂಡೊಡನೆ ಹಾಯತೊಡಗಿದರೆ ತಪ್ಪು ಸುಳಿಯದೆಂದು ಹೇಳಿ ಅರ್ಧ ಬೆಲೆಗೆ ಮಾರುವನು. ಸುಳಿಗೆ ಬಾಯಿಯಿಲ್ಲವಾದ್ದರಿಂದ ಆ ಆರೋಪಕ್ಕೆ ಉತ್ತರವೂ ಬರುವದಿಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳು ಒಂದೇ ದಾರಿಯ ಮೇಲೆ ಇದ್ದರೂ ಅವುಗಳ ಬಾಳುವೆಯು ಒಂದೇ ಅಲ್ಲ. 1953ರಿಂದ ತುಂಗಭದ್ರೆಯ ನೀರು ಎಡದಂಡೆಯ ಕಾಲುವೆಗೆ ಹರಿಯತೊಡಗಿದ ಮೇಲೆ ಸಿಂಧನೂರಿನ ಎರೆಯ ಹೊಲಗಳು ಗದ್ದೆಗಳಾದವು. ಜೋಳದ ಸೀಮೆಯಲ್ಲಿ ಅಕ್ಕಿಯ ಗಿರಣಿಗಳೆದ್ದವು. ಕೊಟ್ಟಿಗೆಯಲ್ಲಿ ಎತ್ತು ನಿಲ್ಲುವ ಸ್ಥಳದಲ್ಲಿ ಟ್ರ್ಯಾಕ್ಟರು ನಿಂತಿತು. ಲಿಂಗಸುಗೂರಿನ ಕಡೆಗೆ ಮಳೆಯನ್ನೇ ನಂಬಿದ ನೆಲವು ಇನ್ನೂ ಬಹಳವಿದೆ. ಅಲ್ಲಿಯೂ ನೇಗಿಲ ಕೆಲಸವನ್ನು ಬಾಡಿಗೆಯ ಟ್ರ್ಯಾಕ್ಟರು ಮಾಡುವದಾದರೂ, ಆಳೆತ್ತರ ಬೆಳೆಯತೊಡಗಿದ ತೊಗರಿಯ ಮತ್ತು ಹತ್ತಿಯ ಸಾಲುಗಳ ನಡುವೆ ಎಡೆ ಹೊಡೆಯಲು ಎತ್ತಿನ ಕಾಲೇ ಬೇಕು. ಎರಡರ ನಡುವೆ ಮಸ್ಕಿ. 1915ರಲ್ಲಿ ಅಲ್ಲಿಯ ಬಂಡೆಯೊಂದರ ಮೇಲೆ ದೊರೆತ ಶಾಸನದಿಂದಲೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬದು ಸ್ಥಿರವಾಯಿತೆಂಬದನ್ನು ವಾಚಕರು ಬಲ್ಲರು. ಮನುಷ್ಯರಿಗಷ್ಟೇ ಅಲ್ಲದೆ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದೆನೆಂದು ಬೇರೆ ಬಂಡೆಗಳ ಮೇಲೆ ಬರೆಯಿಸಿದ ಅರಸನ ಹೆಸರು ಈ ಎತ್ತುಗಳ ಸೀಮೆಯಲ್ಲಿ ಸಿಕ್ಕಿದ್ದು ಒಂದು ಯೋಗವೇ ಸರಿ.

ಮಸ್ಕಿಗೂ ಲಿಂಗಸುಗೂರಿಗೂ ನಡುವಿನ ಒಂದು ಹಳ್ಳಿಯ ಒಕ್ಕಲಿಗನ ಮನೆಯಲ್ಲಿ ಜೋಡಿ ಎತ್ತುಗಳಲ್ಲಿ ಒಂದು ಸತ್ತು, ಉಳಿದದ್ದು ಒಂಟಿಯಾಯಿತು. ಅವನು ಸಾಲವನ್ನೆತ್ತಿ, ಆಗತಾನೆ ಎರಡು ಹಲ್ಲು ಹಚ್ಚಿದ ಬಿಳಿಯ ಖಿಲಾರಿ ಹೋರಿಯೊಂದನ್ನು ತಂದನು. ಖಿಲಾರಿಯ ಗುಣವು ಲೋಕವಿಖ್ಯಾತವಾದದ್ದು: ಗಾಳಿಯಂಥ ಕಾಲು, ಬೆಂಕಿಯಂಥ ಸಿಟ್ಟು. ಕೃಷ್ಣಾತೀರದ ಭಾರಿ ಎತ್ತು ಒಂದು ಪೆಟ್ಟನ್ನು ಮರೆತೀತು, ಖಿಲಾರಿಯು ಮರೆಯುವದಿಲ್ಲ.

ತಂದೆಗೆ ಬೇಕಾದದ್ದು ಎಡೆ ಹೊಡೆಯುವ ಎತ್ತು; ಮಗನಿಗೆ ಬೇಕಾದದ್ದು ಕಾರಹುಣ್ಣಿಮೆಯ ಹೋರಿ. ಜ್ಯೇಷ್ಠದ ಆ ಸಂಜೆ ಕೋಡಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಮೈಮೇಲೆ ಜೂಲು ಹೊದಿಸಿದ ಎತ್ತುಗಳು ಊರ ಅಗಸಿಯ ಮುಂದೆ ಕರಿ ಹರಿಯುವ ನೋಟವು ಈ ಸೀಮೆಯಲ್ಲಿ ಹುಟ್ಟಿದವರಿಗೆ ಹೇಳಿ ತಿಳಿಸಬೇಕಾದದ್ದಲ್ಲ. ಬಿಳಿಯದು ಮುಂದಾದರೆ ಬಿಳಿಯ ಜೋಳದ ಫಲ ಚೆನ್ನಾಗುವದು, ಕಂದು ಮುಂದಾದರೆ ಕೆಂಪು ಧಾನ್ಯಗಳದು ಎಂದು ಹಿರಿಯರ ಲೆಕ್ಕ. ಊರಿಂದೂರಿಗೆ ಈ ಲೆಕ್ಕವು ತುಸು ಬದಲಾಗುವದೂ ಉಂಟು. ಅದೇ ಹಬ್ಬಕ್ಕೆ ರಾಯಚೂರಿನಲ್ಲಿ ಜೋಡಿ ಎತ್ತುಗಳು ಭಾರದ ಕಲ್ಲನ್ನು ಎಳೆಯುವ ಪಂದ್ಯವು ನೆರೆಯ ಆಂಧ್ರ, ತೆಲಂಗಾಣಗಳವರನ್ನೂ ಕರೆತರುತ್ತದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಓಟಗಳನ್ನು ನಿಷೇಧಿಸಿತ್ತು. 2017ರಲ್ಲಿ ಕರ್ನಾಟಕವು ಕಾನೂನನ್ನು ತಿದ್ದಿತು. ಆ ತಿದ್ದುಪಡಿಯು ಊರ್ಜಿತವೆಂದು 2023ರ ಮೇ 18ರಂದು ಅದೇ ನ್ಯಾಯಾಲಯವು ತೀರ್ಪಿತ್ತಿತು. ಅಂದಿನಿಂದ ಪಳಗಿಸುವವರಿಗೆ ಬೇಡಿಕೆ ಹೆಚ್ಚಿತು. ಬೇಡಿಕೆ ಹೆಚ್ಚಿದಲ್ಲಿ ಅವಸರವೂ ಹೆಚ್ಚುವದು ಸಹಜವೇ.

ಸಿಂಧನೂರಿನ ಕಡೆಯವನೊಬ್ಬನ ಹೆಸರನ್ನು ಮಗನು ಹಿಡಿದುಕೊಂಡು ಬಂದನು. ಅವನ ಕೈಯಲ್ಲಿ ಪಳಗಿದ ಜೋಡಿಗಳು ಬಹುಮಾನ ಗೆದ್ದ ಚಿತ್ರಗಳು ಮೊಬೈಲಿನಲ್ಲಿದ್ದವು. ಒಂದೇ ತಿಂಗಳಲ್ಲಿ ಓಡಿಸಿ ಕೊಡುವೆನೆಂಬ ಮಾತೂ ಇತ್ತು. ತಂದೆಯು ಏನನ್ನೂ ಹೇಳದೆ ನೋಡಿ ಬರಲು ಹೋದನು. ಕೊಟ್ಟಿಗೆಯು ಚೊಕ್ಕಟವಾಗಿತ್ತು. ಗೋದಲಿಯಲ್ಲಿ ಹತ್ತಿಕಾಳು, ಹುರುಳಿ, ಹಿಂಡಿ. ಎತ್ತುಗಳ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಮಾತನಾಡುತ್ತ ನಿಂತ ಆ ಮನುಷ್ಯನು ತಲೆಯ ವಸ್ತ್ರವನ್ನು ಸರಿಪಡಿಸಲು ಕೈಯನ್ನು ಮೇಲೆತ್ತಿದನು. ಎತ್ತಿದೊಡನೆ ಎರಡೂ ಎತ್ತುಗಳು ಕಣ್ಣು ಮುಚ್ಚಿ, ಕುತ್ತಿಗೆಯನ್ನು ಹಿಂದಕ್ಕೆಳೆದು ನಿಂತವು. ಒಂದರ ಬಾಲದ ಗೆಣ್ಣು ಹಿಂಡಿ ಹಿಂಡಿ ಡೊಂಕಾಗಿತ್ತು. ಒಕ್ಕಲಿಗನು ಚಹಾ ಕುಡಿದು, ಕೈಮುಗಿದು, ಬಸ್ಸು ಹತ್ತಿದನು.

ಗುರುವನ್ನು ಪರೀಕ್ಷಿಸಬೇಕಾದರೆ ಅವನ ಗೆಲುವುಗಳ ಪಟ್ಟಿಯನ್ನು ಕೇಳುವದಕ್ಕಿಂತ ಅವನು ಕೈಯೆತ್ತಿದಾಗ ಶಿಷ್ಯನ ಕಣ್ಣನ್ನು ನೋಡುವದು ಮೇಲೆಂದು ಆ ಬಸ್ಸಿನಲ್ಲಿ ಅವನಿಗೆ ಹೊಳೆಯಿತೋ ಇಲ್ಲವೋ ತಿಳಿಯದು. ಮನೆಗೆ ಬಂದು ಅವನು ಆಡಿದ್ದು ಒಂದೇ ಮಾತು: “ಬ್ಯಾಡಪ್ಪಾ, ಅಲ್ಲಿ ಬ್ಯಾಡ.”

ಎರಡನೆಯವನು ಲಿಂಗಸುಗೂರಿನ ಕಡೆಯ ಮುದುಕನು. ಪಂದ್ಯದ ಹೋರಿಗಳನ್ನು ಅವನು ಮುಟ್ಟುವವನಲ್ಲವೆಂದು ಪ್ರತೀತಿಯಿತ್ತು. ತಂದೆ ಮಕ್ಕಳು ಹೋಗಿ, “ಮುತ್ಯಾ, ನಮ್ಮ ಹೋರಿಗೊಂದು ದಾರಿ ಮಾಡ್ರಿ” ಎಂದರು. ಮುದುಕನು ಹೋರಿಯ ಬೆಲೆಯನ್ನು ಕೇಳಲಿಲ್ಲ, ಸುಳಿಯನ್ನೂ ಕೇಳಲಿಲ್ಲ. “ಕಲಸ್ತೀನಿ ಯಪ್ಪಾ. ಕಲತ ಮ್ಯಾಲೆ ಹೊಡೆಯೋರು ಯಾರು?” ಎಂದನು. ಮಗನೆಂದು ತಿಳಿದ ಮೇಲೆ, “ಹಂಗಾದ್ರ ಹೋರಿ ಸಂಗಾಟ ಅವನೂ ಇಲ್ಲೇ ಇರಲಿ. ಹೋರಿಗೆ ಒಂದು ತಿಂಗಳು ಸಾಕು, ಇವನಿಗೆ ಎರಡು ಬೇಕಾಗ್ತದ” ಎಂದನು.

ಮಾತು ಕೇಳಲು ವಿನೋದವಾಗಿದ್ದರೂ ಆ ಮನೆಗೆ ಅದು ವಿನೋದವಾಗಿರಲಿಲ್ಲ. ಶಿವರಾತ್ರಿಯಿಂದ ಮಳೆಗಾಲದವರೆಗಿನ ತಿಂಗಳುಗಳೆಂದರೆ ಈ ಜಿಲ್ಲೆಯ ಬಡವರು ಗುಳೆ ಹೋಗುವ ಕಾಲ. ಬೆಂಗಳೂರಿನ ಕಟ್ಟಡಗಳಲ್ಲಿ ಮಗನು ದುಡಿದು ತರುವ ಕೂಲಿಯಿಂದಲೇ ಹೋರಿಯ ಸಾಲದ ಮೊದಲ ಕಂತು ತೀರಬೇಕಾಗಿತ್ತು. ಮಗನನ್ನು ಕೊಟ್ಟಿಗೆಯಲ್ಲಿ ಕೂಡ್ರಿಸಿದರೆ ಸಾಲವು ಬೆಳೆಯುವದು. ಬೆಂಗಳೂರಿಗೆ ಕಳಿಸಿದರೆ ಹೋರಿಯು ಯಾರದೋ ಕೈಯಲ್ಲಿ ಕೆಡುವದು. ಮನೆಯಾಕೆಯು ಮೂರು ದಿನ ಕೇಳಿ, ನಾಲ್ಕನೆಯ ದಿನ ಕಿವಿಯ ಬೆಂಡೋಲೆಯನ್ನು ಬಿಚ್ಚಿ ಗಂಡನ ಮುಂದಿಟ್ಟಳು. ಬೆಂಡೋಲೆಯು ಒತ್ತೆಗೆ ಹೋಯಿತು. ಮಗನು ಮುದುಕನ ಕೊಟ್ಟಿಗೆಗೆ ಹೋದನು.

ಮೊದಲ ಎಂಟು ದಿನ ಮುದುಕನು ನೊಗವನ್ನು ತೋರಿಸಲೂ ಇಲ್ಲ. ಹೋರಿಯನ್ನು ತನ್ನ ಬಾಯಿಗೂಡಿದ ಎತ್ತಿನ ಪಕ್ಕದಲ್ಲಿ ಕಟ್ಟಿಸಿ, ಹುಡುಗನ ಕೈಯಿಂದಲೇ ಕಣಿಕೆ ತಿನ್ನಿಸಿದನು. ತರುವಾಯ ಹಳೆಯ ಎತ್ತಿನ ಜೋಡಿ ಬರಿಯ ನೊಗ. ಆಮೇಲೆ ಹಗುರವಾದೊಂದು ಮರದ ತುಂಡು. ಆಮೇಲೆ ಸಡಿಲು ಮಣ್ಣಿನಲ್ಲಿ ಕುಂಟೆ. ಹೋರಿಯು ದಣಿದು ನಿಲ್ಲುವ ಮೊದಲೇ ನೊಗವನ್ನು ಇಳಿಸುವದು ಅವನ ಕಟ್ಟಳೆ. ದಣಿದು ನಿಂತ ಮೇಲೆ ಇಳಿಸಿದರೆ ನಿಂತರೆ ಬಿಡುಗಡೆಯುಂಟೆಂದು ಪಶುವು ಕಲಿಯುವದಂತೆ. ಪಳಗಿಸುವದರಲ್ಲಿ ಅರ್ಧ ವಿದ್ಯೆಯು ಈ ಒಂದು ಮಾತಿನಲ್ಲಿದೆ.

ಉಳಿದರ್ಧವು ಹೊಲದ ಕೊನೆಯಲ್ಲಿ ತಿರುಗುವದರಲ್ಲಿದೆ. ನೆಟ್ಟಗೆ ಓಡುವದನ್ನು ಭಯವೂ ಕಲಿಸೀತು. ತಿರುಗುವಾಗ ಒಳಗಿನ ಎತ್ತು ಕಾಲನ್ನು ತಡೆದು ನಿಲ್ಲಬೇಕು, ಹೊರಗಿನದು ಹೆಜ್ಜೆಯನ್ನು ಚಾಚಬೇಕು. ಹೆದರಿದ ಪಶುವಿಗೆ ಇದು ಸಾಧ್ಯವಲ್ಲ. ಅಮೇರಿಕೆಯಲ್ಲಿ ಮೂರು ಪೀಪಾಯಿಗಳನ್ನು ತ್ರಿಕೋನವಾಗಿ ಇಟ್ಟು ಒಂದೊಂದನ್ನೂ ಸುತ್ತಿ ಬರುವ ಕುದುರೆಯ ಪಂದ್ಯವೊಂದಿದೆ. ಹೆಚ್ಚಾಗಿ ಸ್ತ್ರೀಯರೇ ಸವಾರಿ ಮಾಡುವ ಆ ಆಟಕ್ಕಾಗಿ 1948ರಲ್ಲಿ ಟೆಕ್ಸಾಸಿನಲ್ಲಿ ಅವರದೇ ಸಂಘವು ಹುಟ್ಟಿತು. ಪೀಪಾಯಿಯೊಂದು ಉರುಳಿದರೆ ಐದು ಸೆಕೆಂಡುಗಳ ದಂಡ. ಅಲ್ಲಿಯೂ ಸೋಲು ಗೆಲುವು ನಿರ್ಣಯವಾಗುವದು ಓಟಕ್ಕಿಂತ ತಿರುವಿನಲ್ಲಿಯೇ. ಎಳೆಯ ಗಂಡುಕುದುರೆಯನ್ನು ಯಾರಿಗೆ ಒಪ್ಪಿಸಬೇಕೆಂದು ಅಲ್ಲಿಯ ಒಡೆಯರೂ ಇದೇ ಬಗೆಯಲ್ಲಿ ತಲೆ ಕೆಡಿಸಿಕೊಳ್ಳುವರು. ಕುದುರೆಯ ವಿದ್ಯೆಗೆ ಅರಸರ ಆಶ್ರಯವು ದೊರೆಯಿತು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ವಾಹ್ಯಾಳಿಗೆ ಅಧ್ಯಾಯವನ್ನೇ ಮೀಸಲಿಟ್ಟನು. ಹೋರಿಯ ವಿದ್ಯೆಯು ಮಾತ್ರ ಇಂಥ ಮುದುಕರ ಬಾಯಲ್ಲಿಯೇ ಉಳಿದಿದೆ. ಅವರೋ ಎಣಿಕೆಗೆ ಸಿಕ್ಕುವಷ್ಟು ಮಂದಿ.

ಹುಡುಗನು ಒಮ್ಮೆ ಮಾತ್ರ ಬಾರುಕೋಲನ್ನು ಬೀಸಿದನು. ಮುದುಕನು ಬಯ್ಯಲಿಲ್ಲ, ಕೋಲನ್ನು ತೆಗೆದುಕೊಂಡು, “ಹೋರಿ ನಿಂದು. ಈ ಸಿಟ್ಟು ಯಾರದು?” ಎಂದು ಕೇಳಿ, ಆ ದಿನದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದನು. ಮರುದಿನ ನೊಗವನ್ನು ಹೂಡಲು ಹೋದಾಗ ಹೋರಿಯು ಹುಡುಗನಿಂದ ಒಂದು ಮಾರು ದೂರ ಸರಿಯಿತು. ಅದನ್ನು ಮತ್ತೆ ಹತ್ತಿರಕ್ಕೆ ತರಲು ಐದು ದಿನ ಹಿಡಿಯಿತು.

ಕಾರಹುಣ್ಣಿಮೆಗೆ ಆ ಹೋರಿಯು ಓಡಿತು. ಕರಿಯನ್ನು ಹರಿದದ್ದು ಮಾತ್ರ ನೆರೆಯವರ ಕಂದು ಎತ್ತು. ಗುಂಪಿನವರು ಕೂಗಿ, ಹಲಗೆ ಬಡಿದಾಗ ಬೇರೆ ಎತ್ತುಗಳು ದಿಕ್ಕಾಪಾಲಾದವು. ಇದು ಅಗಸಿಯ ಬದಿಯಲ್ಲಿ ನಿಂತ ಹುಡುಗನ ಕರೆಗೆ ತಿರುಗಿ ಬಂದು ನಿಂತಿತು. ಆಷಾಢದಲ್ಲಿ ಅದೇ ಹೋರಿಯು ಹಳೆಯ ಎತ್ತಿನ ಜೊತೆಗೆ ಹತ್ತಿಯಲ್ಲಿ ಎಡೆ ಹೊಡೆಯಿತು. ಸಾಲಿನ ಗಿಡ ತುಳಿಯಲಿಲ್ಲ. ಸಾಲವು ಅರ್ಧ ಉಳಿದಿದೆ. ಬೆಂಡೋಲೆಯು ಇನ್ನೂ ಬಿಡಿಸಿಕೊಂಡು ಬಂದಿಲ್ಲ.

ಮರುವರ್ಷ ಅದೇ ಹಳ್ಳಿಯ ಇಬ್ಬರು ತಮ್ಮ ಹೋರಿಗಳನ್ನು ಮುದುಕನಲ್ಲಿಗೆ ಒಯ್ದರು. ಅವನ ಷರತ್ತಿನಂತೆ ಮಕ್ಕಳನ್ನೂ ಕಳಿಸಿದರು. ಒಬ್ಬ ಹುಡುಗನು ಈಗಲೂ ಅಲ್ಲಿಯೇ ಕಣಿಕೆ ಹಾಕುತ್ತಿದ್ದಾನೆ; ಇನ್ನೊಬ್ಬನು ನಾಲ್ಕನೆಯ ದಿನವೇ ಬೆಂಗಳೂರಿನ ಬಸ್ಸು ಹತ್ತಿದನು, ಮತ್ತು ಮುದುಕನು ಅವನ ಹೋರಿಯನ್ನು ಬಿಚ್ಚಿ ತಾನೇ ನಡೆಸಿಕೊಂಡು ಬಂದು ಅವರ ಮನೆಯ ಮುಂದೆ ಕಟ್ಟಿ ಹೋದನು.