ಹೆಸರಿಲ್ಲದ ಹುಡುಗಿಯ ಮಾತು



ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಅಪ್ಪಣೆಯಾದಾಗ ನನಗೆ ಮೊದಲು ನೆನಪಾದದ್ದು ಒಂಭತ್ತನೆಯ ತರಗತಿಯಲ್ಲಿ ನಾವು ಆಡಿದ ನಾಮಾನನ ನಾಟಕ. ಸೇನಾಪತಿಯ ಪಾತ್ರವು ನನಗೇ ದೊರೆಯುವದೆಂದು ನಂಬಿದ್ದೆನು. ದೊರೆತದ್ದು ಅವನ ಹೆಂಡತಿಗೆ ದಾಸಿಯಾಗಿದ್ದ, ಹೆಸರು ಸಹ ಇಲ್ಲದ ಇಸ್ರಾಯೇಲ್ಯರ ಹುಡುಗಿಯ ಪಾತ್ರ. ಆಡಬೇಕಾದ ಮಾತು ಒಂದೇ ಒಂದು. ಆ ರಾತ್ರಿ ನಾನು ಮುನಿಸಿಕೊಂಡು ಊಟ ಬಿಟ್ಟದ್ದನ್ನು ನನ್ನ ಜತೆಯವರು ಮರೆತಿರಲಾರರು.

ಅರಸುಗಳ ಎರಡನೆಯ ಪುಸ್ತಕದ 5ನೆಯ ಅಧ್ಯಾಯದಲ್ಲಿರುವ ಈ ಕಥೆ ನಿಮಗೆಲ್ಲ ತಿಳಿದದ್ದೇ. ಕುಷ್ಠದಿಂದ ಪೀಡಿತನಾದ ಸೇನಾಪತಿಯು ಹತ್ತು ತಲಾಂತು ಬೆಳ್ಳಿ, ಆರು ಸಾವಿರ ಚಿನ್ನದ ನಾಣ್ಯ, ಹತ್ತು ದುಸ್ತು ಬಟ್ಟೆಗಳೊಡನೆ ಪ್ರವಾದಿಯಾದ ಎಲೀಷನ ಬಾಗಿಲಿಗೆ ಬಂದನು. ಎಲೀಷನು ಹೊರಗೂ ಬಾರದೆ, ಯೊರ್ದನಿನಲ್ಲಿ ಏಳು ಸಾರಿ ಮುಳುಗೆಂದು ಆಳಿನ ಮೂಲಕ ಹೇಳಿ ಕಳುಹಿಸಿದನು. ನಾಮಾನನಿಗೆ ಕೋಪ ಬಂದದ್ದು ಆಶ್ಚರ್ಯವಲ್ಲ. ಅವನ ದಮಸ್ಕದ ಅಬಾನಾ (ಈಗಿನ ಬರದಾ ನದಿಯೇ ಅದೆಂದು ಪಂಡಿತರ ಮತ) ಬೆಟ್ಟದಿಂದಿಳಿದು ತೋಟಗಳಿಗೆ ನೀರುಣಿಸುತ್ತಿದ್ದ ಹೊಳೆ. ಯೊರ್ದನಾದರೋ ಕೆಳಗಿಳಿದಂತೆ ಕೆಸರು. ಅವನ ವಾದದಲ್ಲಿ ತಪ್ಪೇನೂ ಕಾಣುವದಿಲ್ಲವೆಂಬದೇ ನನಗೆ ಭಯ ಹುಟ್ಟಿಸುವ ಸಂಗತಿ. ಗರ್ವಕ್ಕೆ ಒಳ್ಳೆಯ ಕಾರಣಗಳು ಎಂದೂ ಕಡಮೆಯಾಗವು.

2019ನೆಯ ಇಸವಿಯಲ್ಲಿ ನನಗೆ ಕೆಮ್ಮು ಹಿಡಿಯಿತು. ಎರಡು ತಿಂಗಳಾದರೂ ಬಿಡಲಿಲ್ಲ; ಸಂಜೆಗೆ ಜ್ವರ, ಮೈಯೂ ಇಳಿಯುತ್ತ ಬಂತು. ಮನೆಗೆಲಸಕ್ಕೆ ಬರುತ್ತಿದ್ದಾಕೆ ಒಂದು ದಿನ ಪಾತ್ರೆ ತೊಳೆಯುತ್ತಲೇ, "ಅಮ್ಮಾ, ನಮ್ಮಪ್ಪನಿಗೂ ಹೀಗೇ ಇತ್ತು. ಸರಕಾರೀ ಆಸ್ಪತ್ರೆಯಲ್ಲಿ ಕಫ ನೋಡ್ತಾರೆ, ದುಡ್ಡು ಕೇಳೋದಿಲ್ಲ, ಹೋಗಿಬನ್ನಿ" ಎಂದಳು. ಮೂವತ್ತು ವರುಷ ಪಾಠ ಹೇಳಿದ ನಾನು ಕ್ಷಯರೋಗಿಗಳ ಸಾಲಿನಲ್ಲಿ ನಿಲ್ಲುವದೇ? ನಿನ್ನ ಕೆಲಸ ನೋಡಿಕೊಳ್ಳೆಂದು ಗದರಿದೆನು. ಇನ್ನು ಮೂರು ವಾರ ಕಷಾಯದಲ್ಲಿ ಕಳೆದವು. ಕರ್ತನೇ, ಗುಣಪಡಿಸೆಂದು ರಾತ್ರಿಯಲ್ಲಿ ಮೊಣಕಾಲೂರಿ ಬೇಡುತ್ತಲೂ ಇದ್ದೆನು. ಉತ್ತರವು ಪಾತ್ರೆ ತೊಳೆಯುವವಳ ಬಾಯಿಂದ ಬಂದದ್ದರಿಂದ ನನಗೆ ಕೇಳಿಸಲಿಲ್ಲ.

ಕೊನೆಗೆ ಹೋದೆನು. ಅವಳು ಹೇಳಿದ್ದೇ ನಿಜವಾಯಿತು. ಎರಡು ತಿಂಗಳು ನಾಲ್ಕು ಬಗೆಯ ಔಷಧ, ಆಮೇಲೆ ನಾಲ್ಕು ತಿಂಗಳು ಮೂರು ಬಗೆಯದು, ದಿನವೂ ತಪ್ಪದೆ. ನನ್ನ ಮಗ್ಗುಲಲ್ಲೇ ಮಲಗುತ್ತಿದ್ದ ಮೂರು ವರುಷದ ಮೊಮ್ಮಗಳಿಗೆ ರೋಗವಿಲ್ಲದಿದ್ದರೂ ಅದು ಬಾರದಂತೆ ಆರು ತಿಂಗಳು ಮಾತ್ರೆ ಕೊಡಬೇಕಾಯಿತು. ಆ ಮಗು ಕಹಿಗೆ ಮುಖ ಕಿವುಚಿದಾಗಲೆಲ್ಲ ಕಷಾಯದ ಆ ಮೂರು ವಾರಗಳು ನನ್ನ ಕಣ್ಣೆದುರಿಗೆ ನಿಲ್ಲುತ್ತಿದ್ದವು.

ಎರಡನೆಯ ತಿಂಗಳು ಮುಗಿಯುವದರೊಳಗೆ ಕೆಮ್ಮು ನಿಂತು, ಇನ್ನೇಕೆ ಈ ಮಾತ್ರೆ ಎನ್ನಿಸಿತು. ನಡುವೆ ಬಿಟ್ಟರೆ ಉಳಿದ ಕ್ರಿಮಿಗಳು ಔಷಧಕ್ಕೆ ಜಗ್ಗದಂತಾಗಬಹುದೆಂದು ದಾದಿಯು ಎಚ್ಚರಿಸಿದಳು. ನಾಮಾನನು ಆರನೆಯ ಸಾರಿ ನೀರಿನಿಂದೆದ್ದಾಗ ಅವನ ಚರ್ಮ ಹೇಗಿತ್ತೆಂದು ಪುಸ್ತಕವು ಹೇಳುವದಿಲ್ಲ. ಅವನು ಮತ್ತೂ ಒಮ್ಮೆ ಮುಳುಗಿದನು. ನಾನೂ ನುಂಗಿದೆನು.

ಮತ್ತೊಂದು ಮಾತು ಬರೆಯದಿದ್ದರೆ ಇದು ಪೂರ್ಣವಾಗದು. ರೋಗ ತಿಳಿದ ದಿನ ನನ್ನ ಲೋಟವನ್ನು ಬೇರೆಯಿಡಬೇಕೆಂದು ಹಿತ್ತಿಲ ಬಾಗಿಲ ಗೂಡಿಗೆ ಒಯ್ದೆನು. ಅಲ್ಲಿ ಆಗಲೇ ಒಂದು ಲೋಟವಿತ್ತು. ಹನ್ನೆರಡು ವರುಷಗಳಿಂದ ಅವಳಿಗೆಂದು ನಾನೇ ಬೇರೆಯಿಟ್ಟದ್ದು. ಈ ರೋಗ ಕೆಮ್ಮಿದ ಗಾಳಿಯಿಂದ ಹರಡುತ್ತದೆ, ಲೋಟದಿಂದಲ್ಲ ಎಂದು ದಾದಿಯು ಆಮೇಲೆ ಹೇಳಿದಳು. ಮರುದಿನ ಎರಡನ್ನೂ ಒಳಗೆ ತಂದುಕೊಟ್ಟೆನು. ಅವಳು ಏನೂ ಕೇಳದೆ ತೊಳೆದು ಅಡಿಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿದಳು.