ನೆಲದಡಿಯ ನೀರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ – ಇವು ಸಾವಿರ ಅಡಿ ಕೊರೆದರೂ ಕೊಳವೆಬಾವಿ ಬತ್ತಿದ್ದನ್ನು ಕಂಡ ಸೀಮೆಗಳು. ಇಂಥ ಊರಿನ ಹಳೆಯ ಮನೆಗಳಲ್ಲಿ ನೆಲವೇ ಬೆವರುತ್ತದೆಂದರೆ ಸೋಜಿಗವಲ್ಲವೇ? ಮಳೆ ಹಿಡಿದರೆ ಚಪ್ಪಡಿ ತಣ್ಣಗಾಗಿ ಅಂಗಾಲಿಗೆ ಅಂಟುತ್ತದೆ. ಚಾಪೆಗೆ ಮುಗ್ಗಲು ವಾಸನೆ. ಮೂಲೆಯಲ್ಲಿಟ್ಟ ಪಠ್ಯಪುಸ್ತಕದ ರಟ್ಟು ಉಬ್ಬುತ್ತದೆ. 2021ರ ನವೆಂಬರ್ ಮಳೆಯಲ್ಲಂತೂ ನೆಲ ಒಣಗುವ ಮಾತೇ ಇರಲಿಲ್ಲ.

'ಹಳೇ ಮನೆ, ಶೀತ ಇದ್ದದ್ದೇ' ಎಂದು ಹಿರಿಯರು ಸುಮ್ಮನಾಗಬಹುದು. ಆದರೆ ಪಡಸಾಲೆಯಲ್ಲೇ ರೇಷ್ಮೆಹುಳು ಸಾಕುವವರು ಸುಮ್ಮನಿರುವಂತಿಲ್ಲ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಸುಮಾರು 25 ಡಿಗ್ರಿ ಉಷ್ಣಾಂಶ, ಶೇ. 70ರಷ್ಟು ತೇವಾಂಶ ಸಾಕು. ತಂಪು, ತೇವ ಎರಡೂ ಹೆಚ್ಚಿದರೆ ಸುಣ್ಣಕಟ್ಟು ರೋಗದ ಬೂಷ್ಟು ಹತ್ತುತ್ತದೆ. ಹುಳು ಸತ್ತು ಬೆಳ್ಳಗೆ ಸೆಟೆದುಕೊಳ್ಳುತ್ತದೆ. ಒಂದು ಬೆಳೆ ಹೋದರೆ ಗೂಡಷ್ಟೇ ಅಲ್ಲ, ಮಗಳ ಕಾಲೇಜು ಶುಲ್ಕವೂ ಹೋದಂತೆ.

ನೀರು ಮೇಲೇರುವುದು ಹೇಗೆ? ಸೀಮೆಸುಣ್ಣದ ತುದಿಯನ್ನು ಶಾಯಿಯಲ್ಲಿಟ್ಟರೆ ಶಾಯಿ ತಾನಾಗಿ ಏರುವಂತೆ, ಮಣ್ಣು ಇಟ್ಟಿಗೆಗಳ ಸೂಕ್ಷ್ಮ ರಂಧ್ರಗಳಲ್ಲಿ ನೀರು ಏರುತ್ತದೆ. ಇದು ಪಾತಾಳದ ನೀರಲ್ಲ. ಸೂರಿನ ನೀರು, ಬಚ್ಚಲ ನೀರು, ಮೋರಿಯ ನೀರು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಹೊಸ್ತಿಲಿಗಿಂತ ಎತ್ತರವಾದ ಕಡೆ ಬೀದಿಯ ನೀರೂ ಅಡಿಪಾಯಕ್ಕೇ ಬರುತ್ತದೆ.

ಮಕ್ಕಳು ಮಾಡಬಹುದಾದ ಪರೀಕ್ಷೆಯೊಂದಿದೆ. ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ಸುತ್ತಲೂ ಟೇಪು ಅಂಟಿಸಿ, ಎರಡು ದಿನ ಬಿಡಬೇಕು. ಹನಿಗಳು ಹಾಳೆಯ ಅಡಿಯಲ್ಲಿದ್ದರೆ ತೇವ ನೆಲದ್ದು, ಮೇಲಿದ್ದರೆ ಗಾಳಿಯದ್ದು. ಗಾಳಿಯದ್ದಾದರೆ ಬಿಸಿಲು ಹೊತ್ತಿನಲ್ಲಿ ಕಿಟಕಿ ತೆರೆದು ಗಾಳಿಯಾಡಿಸಿದರೆ ಬಹುಮಟ್ಟಿಗೆ ಸಾಕು.

ನೆಲದ್ದಾದರೆ ಅವಸರದಲ್ಲಿ ಸಿಮೆಂಟು ಬಳಿಸುವುದು ಬೇಡ. ದಾರಿ ಮುಚ್ಚಿದ ನೀರು ಗೋಡೆ ಹಿಡಿದು ಏರುತ್ತದೆ, ಗಾರೆ ಉದುರುತ್ತದೆ. ಮೊದಲು ಹೊರಗಿನ ನೀರನ್ನು ಗೋಡೆಯಿಂದ ದೂರ ಹರಿಸಬೇಕು. ಆಮೇಲೂ ತೇವ ಉಳಿದರೆ ಚಪ್ಪಡಿ ಎಬ್ಬಿಸಿ, ದಪ್ಪ ಜಲ್ಲಿ ತುಂಬಿ, ಅದರ ಮೇಲೆ ಮರಳು, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದೇ ಚಪ್ಪಡಿಗಳನ್ನು ಮತ್ತೆ ಕೂರಿಸಬಹುದು. ಗೋಡೆಯ ಬುಡಕ್ಕೆ ಸುಣ್ಣದ ಗಾರೆಯೇ ಲೇಸು. ಅದು ತೇವವನ್ನು ಹೊರಗೆ ಬಿಡುತ್ತದೆ.

ಹಾಗೆ ಹರಿಸಿದ ಸೂರಿನ ನೀರಿಗೆ ಹಿತ್ತಲ ತುದಿಯಲ್ಲೊಂದು ಇಂಗುಗುಂಡಿ ತೋಡಿದರೆ ಮನೆಯೂ ಒಣಗೀತು, ಭೂಮಿಯೂ ನೆನೆದೀತು. ನೀರಿಗೆ ಬಾಯಿ ಬಿಡುವ ಸೀಮೆಯಲ್ಲಿ ನೀರು ಶತ್ರುವಲ್ಲ. ಇರಬಾರದ ಕಡೆ ಇದೆ, ಅಷ್ಟೆ.